ಅಡುಗೆಮನೆಯಲ್ಲಿ ಫ್ಯಾನ್ ಇರಲಿಲ್ಲ

2020ರ ಮೇ 26. ಅಂದು ದೆಹಲಿಯ ಪಾಲಂನಲ್ಲಿ 47.6 ಡಿಗ್ರಿ ತಾಪಮಾನ. ನೊಯಿಡಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಕೋಣೆಯ ಎ.ಸಿ. ನನ್ನ ಆಫೀಸಿಗೆ, ಇನ್ನೊಂದು ಕೋಣೆಯದು ಮಗನ ಆಟ-ಪಾಠಕ್ಕೆ. ಎರಡು ಮೀಟಿಂಗ್‌ಗಳ ನಡುವೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಎರಡು ನಿಮಿಷ ನಿಲ್ಲಲಾಗಲಿಲ್ಲ. ಹೆಂಡತಿ ಒಲೆಯ ಮುಂದೆ ನಿಂತು ಚಪಾತಿ ಬೇಯಿಸುತ್ತಿದ್ದಳು.

"ಇಲ್ಲಿ ಫ್ಯಾನೇ ಇಲ್ವಲ್ಲ!" ಎಂದೆ.

"ಹೋದ ಬೇಸಿಗೇಲೂ ಇರ್ಲಿಲ್ಲ. ಅದರ ಹಿಂದಿನ ಬೇಸಿಗೇಲೂ ಇರ್ಲಿಲ್ಲ. ನಿಮಗೆ ಎರಡು ಸಲ ಹೇಳಿದ್ದೆ" ಎಂದಳು, ತಿರುಗಿಯೂ ನೋಡದೆ.

ಹೇಳಿದ್ದು ನಿಜ. ನನಗೆ ಕೇಳಿಸಿರಲಿಲ್ಲ, ಅಷ್ಟೇ.

ನಾನು ಹಾಸನದವನು. ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು 2016ರಲ್ಲಿ ಇಲ್ಲಿಗೆ ಬಂದೆ. ಆಗ ನನ್ನ ಹೆಂಡತಿ ಪಿ.ಯು. ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ನನ್ನ ಕೆಲಸಕ್ಕಾಗಿ ತನ್ನದನ್ನು ಬಿಟ್ಟು ಬಂದಳು. ಇಲ್ಲಿ ಯಾರಾದರೂ "ಭಾಭೀಜಿ ಕ್ಯಾ ಕರ್ತೀ ಹೈ?" ಎಂದು ಕೇಳಿದರೆ ನಾನು "ಕುಛ್ ನಹೀ, ಘರ್ ಪೇ ಹೈ" ಎನ್ನುತ್ತಿದ್ದೆ. ನನಗೆ ಆಗ ಹಿಂದಿ ಸರಿಯಾಗಿ ಬರುತ್ತಿರಲಿಲ್ಲ. ಈ ವಾಕ್ಯ ಮಾತ್ರ ಬೇಗ ಕಲಿತಿದ್ದೆ.

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಮಾರನೇ ದಿನದಿಂದ ಕೆಲಸದ ದೀದಿಯನ್ನು ಸೊಸೈಟಿಯ ಗೇಟಿನೊಳಗೆ ಬಿಡಲಿಲ್ಲ. ನಾನೂ ಮನೆಯಲ್ಲೇ ಇದ್ದೆನಲ್ಲ, ಕೆಲಸ ಹಂಚಿಕೊಳ್ಳೋಣ ಎಂದು ಇಂಜಿನಿಯರ್ ಬುದ್ಧಿಗೆ ತಕ್ಕಂತೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ, ಮೂರು ಹೊತ್ತಿನ ಅಡುಗೆ... ಎಲ್ಲ ಸೇರಿ 11 ಸಾಲು ಆಯಿತು. ಅವಳು ಅದನ್ನು ನೋಡಿ ನಕ್ಕು ರಾತ್ರಿ ಲ್ಯಾಪ್‌ಟಾಪ್ ತೆಗೆದುಕೊಂಡಳು. ಬೆಳಿಗ್ಗೆ ನೋಡಿದರೆ 43 ಸಾಲು! ಸಿಲಿಂಡರ್ ಬುಕ್ ಮಾಡುವುದು. ಮಗನ ಶೂ ಚಿಕ್ಕದಾಗಿದೆಯಾ ನೋಡುವುದು. ಊರಿಗೆ ಫೋನ್ ಮಾಡಿ ಮಾವನಿಗೆ ಬಿ.ಪಿ. ಮಾತ್ರೆ ನೆನಪಿಸುವುದು (ಅಂದರೆ ನನ್ನ ಅಪ್ಪನಿಗೆ!). ಜನವರಿ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಲಿ ಎಂದು ಪಾತ್ರೆಗೆ ಶಾಲು ಸುತ್ತಿಡುವುದು. ಕೊನೆಯ ಸಾಲಿನಲ್ಲಿ "ನಾಳೆ ತಿಂಡಿಗೆ ಏನು ಎಂದು ಯೋಚಿಸುವುದು" ಎಂದು ಬರೆದು, ಪಕ್ಕದ 'ಸಮಯ' ಕಾಲಂ ಖಾಲಿ ಬಿಟ್ಟಿದ್ದಳು.

ಪಾತ್ರೆ ತೊಳೆಯುವುದು ಎರಡು ದಿನಕ್ಕೆ ರೂಢಿಯಾಯಿತು. ಆದರೆ ಆ ಕೊನೆಯ ಸಾಲು ನನಗೆ ಇವತ್ತಿಗೂ ಒಗ್ಗಿಲ್ಲ. ನಮ್ಮ ಕೆಲಸದಲ್ಲಿ ಆನ್-ಕಾಲ್ ಡ್ಯೂಟಿ ಅಂತಿದೆ, ಆ ವಾರವೆಲ್ಲ ಮನಸ್ಸು ಫೋನಿನ ಮೇಲೇ ಇರುತ್ತದೆ. ವಾರ ಮುಗಿದ ಮೇಲೆ ಸರದಿ ಬೇರೆಯವರದು. ಅವಳಿಗೆ ಸರದಿ ಬದಲಾಗುವುದೇ ಇಲ್ಲ.

ಒಂದು ಭಾನುವಾರ ನಾನು ಉಪ್ಪಿಟ್ಟು ಮಾಡಿ ಫೋಟೊವನ್ನು ಆಫೀಸಿನ ಗ್ರೂಪಿಗೆ ಹಾಕಿದೆ. ಚಪ್ಪಾಳೆಯ ಸುರಿಮಳೆ, ಮ್ಯಾನೇಜರ್‌ದೂ ಒಂದು. ಹೆಂಡತಿ ನನ್ನ ಭುಜದ ಮೇಲಿಂದ ಅದನ್ನು ನೋಡಿ, ಏನೂ ಹೇಳದೆ, ನಾನು ಸಾಸಿವೆ ಸಿಡಿಸಿ ಕೊಳೆ ಮಾಡಿದ್ದ ಒಲೆ ಒರೆಸಲು ಹೋದಳು. ಊರಲ್ಲಿ ಅಮ್ಮನ ಪ್ರತಿಕ್ರಿಯೆಯೇ ಬೇರೆ. ವಿಡಿಯೊ ಕಾಲ್‌ನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದುದು ಕಂಡು ದನಿ ತಗ್ಗಿಸಿ ಕೇಳಿದರು: "ಯಾಕೋ ಮಗಾ, ಅವಳಿಗೆ ಹುಷಾರಿಲ್ವೇನೋ?"

ಆ ದಿನಗಳ ಬಗ್ಗೆ ಬರೆಯುವಾಗ ದೀದಿಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಏಪ್ರಿಲ್ ಸಂಬಳ ಪೂರ್ತಿ ಕೊಟ್ಟಿದ್ದೆವು. ಮೇ ತಿಂಗಳಿಗೆ "ಕೆಲಸಕ್ಕೆ ಬಂದಿಲ್ವಲ್ಲ, ಅರ್ಧ ಕಳಿಸಿದರೆ ಸಾಕು" ಎಂದೆ. "ಯಾಕ್ರೀ, ಅವಳೇನು ಬೇಕು ಅಂತ ರಜಾ ಹಾಕಿದ್ದಾಳಾ? ನಿಮ್ಮ ಕಂಪನಿ ನಿಮಗೆ ಅರ್ಧ ಕೊಟ್ಟಿತ್ತಾ?" ಎಂದಳು ಹೆಂಡತಿ. ಪೂರ್ತಿ ಕಳಿಸಿದೆವು. ಇನ್ನೊಬ್ಬರ ಮನೆಗೆಲಸಕ್ಕೂ ಬೆಲೆ ಇದೆ ಎಂದು ನನಗೆ ಹೇಳಬೇಕಾದವಳು, ತನ್ನ ಕೆಲಸದ ಲೆಕ್ಕವನ್ನು ಯಾರ ಮುಂದೂ ಇಡದವಳು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಹೊರಬಂತು. ಕೊರೊನಾಕ್ಕೆ ಮೊದಲು, 2019ರಲ್ಲಿ ನಡೆಸಿದ್ದು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹಾಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಲಾಕ್‌ಡೌನ್‌ಗೆ ಮುಂಚೆ ನಾನು ಆ 26ರಲ್ಲಿ ಇರಲಿಲ್ಲ.

2021ರ ಜನವರಿ 5ರಂದು ಸುಪ್ರೀಂ ಕೋರ್ಟಿನ ತೀರ್ಪೊಂದು ಬಂತು. 2014ರಲ್ಲಿ ದೆಹಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ದಂಪತಿ ಅಪಘಾತದಲ್ಲಿ ತೀರಿಕೊಂಡಿದ್ದರು, ಹೆಂಡತಿ ಗೃಹಿಣಿ. ಪೀಠದಲ್ಲಿ ಎನ್.ವಿ. ರಮಣ, ಸೂರ್ಯಕಾಂತ್ ಮತ್ತು ನಮ್ಮ ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಜೀರ್ ಇದ್ದರು. ಹೈಕೋರ್ಟ್ 22 ಲಕ್ಷಕ್ಕೆ ಇಳಿಸಿದ್ದ ಪರಿಹಾರವನ್ನು 33.20 ಲಕ್ಷಕ್ಕೆ ಏರಿಸಿದರು. ಗೃಹಿಣಿಯರು ದುಡಿಯುವುದಿಲ್ಲ ಎಂಬ ಭಾವನೆಯೇ ತಪ್ಪು, ಅದು ಹೋಗಬೇಕು ಎಂದು ನ್ಯಾ. ರಮಣ ಪ್ರತ್ಯೇಕವಾಗಿ ಬರೆದರು. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಗುಂಪಿಗೆ ಸೇರಿಸಿದ್ದನ್ನು ಇದೇ ಕೋರ್ಟ್ 2010ರಲ್ಲೇ ಟೀಕಿಸಿತ್ತು. ನಾನು ಸುದ್ದಿಯನ್ನು ಉತ್ಸಾಹದಿಂದ ಓದಿ ಹೇಳಿದೆ. "ಲೆಕ್ಕ ಹಾಕೋಕೆ ಸಾಯ್ಲೇಬೇಕೇನ್ರೀ?" ಎಂದು ಕೇಳಿದಳು.

ಫ್ಯಾನಿನ ಕತೆ ಹೇಳಿಬಿಡುತ್ತೇನೆ. ಆ ವಾರವೇ ಗೋಡೆ ಫ್ಯಾನ್ ತಂದೆ. ಹೊರಗಿನ ಎಲೆಕ್ಟ್ರಿಷಿಯನ್‌ಗೆ ಪ್ರವೇಶವಿರಲಿಲ್ಲ, ನಾನೇ ಡ್ರಿಲ್ ಹಿಡಿದೆ. ಗ್ಯಾಸಿನ ಉರಿ ಆರಬಾರದು, ನಿಂತವರ ಮುಖಕ್ಕೆ ಗಾಳಿ ಬರಬೇಕು. ಆ ಕೋನ ಸಿಗಲು ಗೋಡೆಗೆ ಮೂರು ಕಡೆ ತೂತು ಮಾಡಿದೆ. ಎರಡು ಈಗಲೂ ಹಾಗೇ ಇವೆ.

ಬದಲಾದೆನೇ? ಪೂರ್ತಿ ಇಲ್ಲ. ಜೂನಿನಲ್ಲಿ ದೀದಿ ಬಂದ ದಿನವೇ ನನ್ನ ಎಕ್ಸೆಲ್ ಶೀಟ್ ಮುಚ್ಚಿತು. ಆಫೀಸು ಮತ್ತೆ ಕರೆದ ಮೇಲೆ, ಹೋದ ದಿನಗಳಲ್ಲಿ ನಾನು ಹಳೆಯ ಮನುಷ್ಯನೇ. ಆದರೆ 2021ರಿಂದ ಅವಳು ಸಂಜೆ ಆರರಿಂದ ಎಂಟರವರೆಗೆ ಊರಿನ ಪಿ.ಯು. ಮಕ್ಕಳಿಗೆ ಆನ್‌ಲೈನಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ನಾನು ಮನೆಯಲ್ಲಿದ್ದ ದಿನ ಆ ಎರಡು ಗಂಟೆ ಎ.ಸಿ. ಕೋಣೆ ಅವಳದು, ಫ್ಯಾನ್ ನನ್ನದು. ವಾರಾಂತ್ಯದ ತಿಂಡಿಯ ಯೋಚನೆಯೂ ನನ್ನದೇ ಎಂದು ಒಪ್ಪಂದವಾಗಿದೆ.

ಇವತ್ತು ಶನಿವಾರ. ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅವಳು ಬಾಗಿಲಲ್ಲಿ ಬಂದು ನಿಂತು ಕೇಳಿದಳು: "ಇಡ್ಲಿಗೆ ನೆನೆಹಾಕಿದ್ರಾ?"

ಹಾಕಿರಲಿಲ್ಲ. ನಾಳೆ ಉಪ್ಪಿಟ್ಟು.