ಮನಸ್ಸಿನ ಕಾಯಿಲೆಗೆ ಯಾವ ಬಾಗಿಲು ತಟ್ಟಬೇಕು?

“ನಿದ್ದಿ ಹತ್ತಂಗಿಲ್ರಿ, ಎದಿ ಬಡಕೋತದ, ಕೈಕಾಲು ಜೋಮು ಹಿಡಿತಾವು.” ಹುಬ್ಬಳ್ಳಿ-ಧಾರವಾಡದ ಕ್ಲಿನಿಕ್‌ಗಳಿಗೆ ಖಿನ್ನತೆ, ಆತಂಕಗಳು ಬಹಳ ಸಲ ಈ ಮಾತಿನಲ್ಲೇ ಬರುತ್ತವೆ. ಮನಸ್ಸು ಸರಿ ಇಲ್ಲ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಇಸಿಜಿ ಆಗುತ್ತದೆ, ಹೊಟ್ಟೆಯ ಸ್ಕ್ಯಾನ್ ಆಗುತ್ತದೆ, ಎಲ್ಲ ನಾರ್ಮಲ್ ಎಂಬ ವರದಿ ಬರುತ್ತದೆ. ಆಮೇಲೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಸ್ಕ್ಯಾನ್, ನಡುವೆ ಒಂದು ಹರಕೆ, ಒಂದು ತಾಯಿತ. ಹೀಗೆ ವರ್ಷಗಟ್ಟಲೆ ಅಲೆದ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ, ಅದೂ ಚಿಕಿತ್ಸೆ ಸಿಗುವ ಜಾಗ ಚಿಗರಿ ಬಸ್ಸಿನ ದಾರಿಯಲ್ಲೇ ಇರುವ ಊರಿನಲ್ಲಿ.

ಮೊದಲು ಮನೆಯ ಡಾಕ್ಟರ ಹತ್ತಿರ ಹೋಗುವುದರಲ್ಲಿ ತಪ್ಪಿಲ್ಲ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇವೆಲ್ಲ ಸುಸ್ತು, ಬೇಸರ, ಚಡಪಡಿಕೆಯಾಗಿ ಕಾಣಿಸಿಕೊಳ್ಳಬಹುದು. ಒಂದು ಸಲ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ವರದಿ ಸರಿಯಿದ್ದೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ ಬಿಡದಿದ್ದರೆ, ಊಟ-ನಿದ್ದೆ ತಪ್ಪಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸವೂ ಬೇಡವೆನಿಸಿದರೆ ಅವರನ್ನೇ ಕೇಳಿ: “ಮನೋವೈದ್ಯರಿಗೆ ಒಂದು ಚೀಟಿ ಬರದು ಕೊಡ್ರಿ.” ಅದರ ಬದಲು ಹಳೆಯ ಚೀಟಿ ತೋರಿಸಿ ಔಷಧ ಅಂಗಡಿಯಿಂದ ತಿಂಗಳುಗಟ್ಟಲೆ ಆಲ್‌ಪ್ರಜೊಲಾಮ್ ತಂದು ನುಂಗುವುದು ನಿಜಕ್ಕೂ ಅಪಾಯ. ಆ ಮಾತ್ರೆ ಚಟ ಹಿಡಿಸುತ್ತದೆ. ಒಳಗಿನ ಕಾಯಿಲೆ ಇದ್ದಲ್ಲೇ ಇರುತ್ತದೆ.

ಇನ್ನು ಯಾರು ಏನು ಮಾಡುತ್ತಾರೆ ಎಂಬ ಗೊಂದಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಮಾಡಿದವರು. ರೋಗ ಗುರುತಿಸುವುದು, ಔಷಧ ಬರೆಯುವುದು, ದಾಖಲು ಮಾಡಿಕೊಳ್ಳುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ. ಮಾತಿನ ಚಿಕಿತ್ಸೆ ಕೊಡುತ್ತಾರೆ, ಬುದ್ಧಿಮಟ್ಟ ಮತ್ತು ನೆನಪಿನ ಪರೀಕ್ಷೆಗಳನ್ನು ಮಾಡುತ್ತಾರೆ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಬರೀ ಮನೋವಿಜ್ಞಾನದ ಎಂ.ಎ. ಪದವಿಯಿಂದ ಆ ನೋಂದಣಿ ಸಿಗುವುದಿಲ್ಲ, ಅದಕ್ಕೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಪಡೆದ ತರಬೇತಿ ಬೇಕು. ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ, ನಿಜವಾಗಿ ಕಲಿತವರು ಬೇಸರ ಮಾಡಿಕೊಳ್ಳುವುದಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆಯವರ ಜೊತೆ ಕೂತು ಮಾತಾಡುತ್ತಾರೆ, ಕೆಲಸ, ಪಿಂಚಣಿ, ಪುನರ್ವಸತಿಯ ದಾರಿ ತೋರಿಸುತ್ತಾರೆ. ಇನ್ನು ಕೌನ್ಸೆಲರ್ ಎಂಬ ಬೋರ್ಡು. ಅದರ ಹಿಂದೆ ಚೆನ್ನಾಗಿ ಕಲಿತವರೂ ಇದ್ದಾರೆ, ವಾರದ ಶಿಬಿರ ಮುಗಿಸಿ ಬಂದವರೂ ಇದ್ದಾರೆ. ಪರೀಕ್ಷೆಯ ಭಯ, ಗಂಡ-ಹೆಂಡತಿಯ ಮನಸ್ತಾಪ, ಸಾವಿನ ದುಃಖ ಇಂಥವಕ್ಕೆ ಒಳ್ಳೆಯ ಆಪ್ತ ಸಮಾಲೋಚಕರು ಸಾಕು. ಯಾರಾದರೂ ಔಷಧ ನಿಲ್ಲಿಸಿ ಎಂದರೆ, ಇಷ್ಟು ಸಲ ಬಂದರೆ ಗುಣ ಗ್ಯಾರಂಟಿ ಎಂದರೆ ಅಲ್ಲಿಂದ ಎದ್ದು ಬನ್ನಿ.

ಕೆಲವು ಲಕ್ಷಣಗಳಲ್ಲಿ ಸಮಾಲೋಚನೆಯಿಂದ ಆರಂಭಿಸಬಾರದು, ನೇರ ಮನೋವೈದ್ಯರ ಬಳಿಗೇ ಹೋಗಬೇಕು. ಯಾರೂ ಇಲ್ಲದೆ ದನಿ ಕೇಳಿಸುವುದು, ಮನೆಯವರೇ ವಿಷ ಹಾಕುತ್ತಾರೆಂಬ ಸಂಶಯ, ನಾಲ್ಕಾರು ದಿನ ನಿದ್ದೆಯಿಲ್ಲದೆಯೂ ದಣಿವೇ ಇಲ್ಲದೆ ವಿಪರೀತ ಮಾತು ಮತ್ತು ಖರ್ಚು, ಬಾಣಂತಿಯ ನಡವಳಿಕೆ ಏಕಾಏಕಿ ಬದಲಾಗುವುದು, ಸಾಯುವ ಮಾತು. ಬಹಳ ದಿನ ಕುಡಿದವರು ತಟ್ಟನೆ ಬಿಟ್ಟಾಗ ಎರಡು-ಮೂರನೆಯ ದಿನ ನಡುಕ, ಬೆವರು, ಏನೇನೋ ಕಾಣಿಸುವುದು ಶುರುವಾದರೆ ಅದು ಜೀವಕ್ಕೆ ಅಪಾಯ. ಆಗ ತುರ್ತು ಚಿಕಿತ್ಸಾ ವಿಭಾಗಕ್ಕೇ ಒಯ್ಯಬೇಕು.

ಧಾರವಾಡದ ಬೆಳಗಾವಿ ರಸ್ತೆಯಲ್ಲಿರುವ ಡಿಮ್ಹಾನ್ಸ್ ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾದದ್ದು. ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿದೆ. “ನಿನ್ನ ಧಾರವಾಡಕ್ಕ ಸೇರಸಬೇಕು” ಎಂದು ಉತ್ತರ ಕರ್ನಾಟಕದ ಊರೂರಲ್ಲಿ ತಮಾಷೆಗೆ ಅನ್ನುತ್ತಾರೆ. ಆ ತಮಾಷೆ ಎಷ್ಟು ಜನರನ್ನು ಗೇಟಿನ ಹೊರಗೇ ನಿಲ್ಲಿಸಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ. ಒಳಗೆ ಈಗ ಇರುವುದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಸಮಾಜ ಕಾರ್ಯಕರ್ತರು ಒಂದೇ ಆವರಣದಲ್ಲಿ ಸಿಗುವ, ಅವರಿಗೆ ತರಬೇತಿಯನ್ನೂ ಕೊಡುವ ಸರ್ಕಾರಿ ಬೋಧನಾ ಆಸ್ಪತ್ರೆ. ಅಲ್ಲಿಗೆ ಹೋದವರೆಲ್ಲ ದಾಖಲಾಗುವುದಿಲ್ಲ. ಹೆಚ್ಚಿನವರು ಹೊರರೋಗಿ ವಿಭಾಗದಲ್ಲಿ ತೋರಿಸಿಕೊಂಡು ಮನೆಗೆ ಮರಳುತ್ತಾರೆ.

ಆ ಗೇಟು ದಾಟಲು ಇನ್ನೂ ಮನಸ್ಸಾಗದವರಿಗೆ ಬೇರೆ ಬಾಗಿಲುಗಳಿವೆ. ಕಿಮ್ಸ್ ಎಂದೇ ಎಲ್ಲರೂ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಲ್ಲಿ, ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಅಲ್ಲಿ ಕಣ್ಣು, ಕಿವಿ, ಹೃದಯಕ್ಕೆ ಬಂದವರ ನಡುವೆ ನೀವೂ ಒಬ್ಬರು, ಗುರುತಿನವರು ಎದುರಾದರೂ ಉತ್ತರ ಕೊಡುವ ಪ್ರಸಂಗ ಬರುವುದಿಲ್ಲ. ದೇಹದ ಕಾಯಿಲೆಯೂ ಜೊತೆಗಿದ್ದರೆ ಇಂಥ ದೊಡ್ಡ ಆಸ್ಪತ್ರೆಯೇ ಹೆಚ್ಚು ಅನುಕೂಲ. ನವಲಗುಂದ, ಕಲಘಟಗಿ, ಕುಂದಗೋಳದ ಕಡೆಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬೇಕು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಬರುತ್ತದೆ? 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ಶುರುಮಾಡಿದ ಮಂಗಳವಾರದ ಕ್ಲಿನಿಕ್‌ಗಳ ಉದ್ದೇಶವೇ ಮನೋವೈದ್ಯರನ್ನು ತಾಲ್ಲೂಕಿಗೆ ಕರೆತರುವುದು.

ನನ್ನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಷ್ಟಪಟ್ಟು ದುಡ್ಡು ಹೊಂದಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಬಂದು, ಆರು ತಿಂಗಳು ಮಾತ್ರೆ ನಿಲ್ಲಿಸಿ ಕೂರುವುದಕ್ಕಿಂತ ತಿಂಗಳಿಗೊಮ್ಮೆ ಹೋಗಿಬರಬಲ್ಲ ಹತ್ತಿರದ ಡಾಕ್ಟರೇ ಒಳ್ಳೆಯ ಆಯ್ಕೆ. ಈ ಕಾಯಿಲೆಗಳಲ್ಲಿ ಗುಣ ಕಾಣುವುದು ಬಿಡದೆ ತೋರಿಸಿಕೊಂಡಾಗ. ನಿಮ್ಹಾನ್ಸ್ ತಜ್ಞರಿಗೂ ಇದು ಗೊತ್ತಿತ್ತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಗಿ ಬೆಳೆಯಿತು. ದೂರದ ದೊಡ್ಡ ಸಂಸ್ಥೆ ಬೇಕಾಗುವುದು ಹತ್ತಿರದವರೇ ಅಲ್ಲಿಗೆ ಬರೆದುಕೊಟ್ಟಾಗ.

ಮೊದಲ ಭೇಟಿಗೆ ಹೊರಡುವಾಗ ಹಳೆಯ ಚೀಟಿ, ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ. ಸರ್ಕಾರಿ ಆಸ್ಪತ್ರೆಯಾದರೆ ಪಡಿತರ ಚೀಟಿ, ಆಧಾರ್ ಕೂಡ. ಯಾವಾಗಿನಿಂದ, ಯಾವ ಕ್ರಮದಲ್ಲಿ ಏನೇನಾಯಿತು ಎಂದು ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರ ಎದುರು ಮಾತು ತಡವರಿಸುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಕುಡಿತ, ಗುಟ್ಕಾ ಎಷ್ಟು, ಸಾಯುವ ಯೋಚನೆ ಬಂದಿದೆಯೇ ಎಂದೆಲ್ಲ ಕೇಳುತ್ತಾರೆ. ಮುಚ್ಚಿಡಬೇಡಿ. ಮನೆಯವರ ಎದುರು ಹೇಳಲಾಗದ್ದಿದ್ದರೆ “ಸ್ವಲ್ಪ ನನ್ನೊಬ್ಬನ ಕೂಡ ಮಾತಾಡ್ರಿ” ಎಂದು ಕೇಳಬಹುದು.

ಚೀಟಿ ಕೈಗೆ ಬಂದ ಮೇಲೆ ನೀವು ಕೇಳಬೇಕಾದ್ದಿದೆ: ಕಾಯಿಲೆಯ ಹೆಸರೇನು, ಮಾತ್ರೆ ಎಷ್ಟು ದಿನಕ್ಕೆ ಹಿಡಿಯುತ್ತದೆ, ಅಡ್ಡಪರಿಣಾಮ ಏನು, ಎಷ್ಟು ತಿಂಗಳು ಬೇಕು. ಖಿನ್ನತೆಯ ಮಾತ್ರೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಕೆಲಸ ತೋರಿಸುತ್ತವೆ. ಹೊಟ್ಟೆ ತೊಳೆಸುವುದು, ತಲೆನೋವು ಮಾತ್ರ ಮೊದಲ ವಾರದಲ್ಲೇ ಬರಬಹುದು. ಬಹಳ ಜನ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ. ಬಿಡಬೇಡಿ, ಡಾಕ್ಟರಿಗೆ ಹೇಳಿ. ಲಿಥಿಯಂ ಬರೆದಿದ್ದರೆ ಆಗಾಗ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಆರಾಮ ಅನಿಸಿದ ಮೇಲೂ ತಾವಾಗಿ ನಿಲ್ಲಿಸಬಾರದು, ಪ್ರಮಾಣ ಇಳಿಸುವುದಕ್ಕೂ ಕ್ರಮವಿದೆ. ಎರಡು-ಮೂರು ತಿಂಗಳು ಸರಿಯಾಗಿ ತೆಗೆದುಕೊಂಡೂ ಬದಲಾವಣೆ ಕಾಣದಿದ್ದರೆ, ಡಾಕ್ಟರು ಮಾತು ಕೇಳಿಸಿಕೊಳ್ಳದೆ ಬರೀ ಚೀಟಿ ಬರೆಯುತ್ತಿದ್ದರೆ ಬೇರೊಬ್ಬರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಹಳೆಯ ದಾಖಲೆ ಮಾತ್ರ ಜೊತೆಗೆ ಒಯ್ಯಿರಿ.

ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಸಂಖ್ಯೆ ಬಾಯಿಪಾಠ ಆಗಲಿ: 14416. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಸಾಯುವ ಯೋಚನೆಯಲ್ಲಿ ಕೂತ ಗೆಳೆಯನನ್ನು ಮಾತ್ರ ಫೋನಿಗೆ ಒಪ್ಪಿಸಿ ಹೋಗಬೇಡಿ, ಜೊತೆಗಿದ್ದು ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಆಗುತ್ತದೆಂದು ಹೆದರಿ ಆಸ್ಪತ್ರೆ ತಪ್ಪಿಸುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕು ಎನ್ನುತ್ತದೆ. ಜೀವಾಪಾಯದ ಹೊತ್ತಿನಲ್ಲಿ ಹತ್ತಿರದ ಯಾವ ನೋಂದಾಯಿತ ವೈದ್ಯರಾದರೂ ತುರ್ತು ಚಿಕಿತ್ಸೆ ಆರಂಭಿಸಬಹುದು, ಮನೋವೈದ್ಯರೇ ಬೇಕೆಂದಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಮನೆಯವರದು: “ನನಗೇನೂ ಆಗಿಲ್ಲ, ನಾ ಬರಂಗಿಲ್ಲ” ಅಂದರೆ? ಆಗ ಮನೆಯವರಷ್ಟೇ ಮೊದಲು ಹೋಗಿ ಮನೋವೈದ್ಯರನ್ನೋ ಸಮಾಜ ಕಾರ್ಯಕರ್ತರನ್ನೋ ಕಂಡು ನಡೆದದ್ದನ್ನು ಹೇಳಬಹುದು. “ನಿನಗ ಹುಚ್ಚು” ಎಂಬ ಮಾತಿಗೆ ಯಾರೂ ಎದ್ದು ಬರುವುದಿಲ್ಲ. “ನಿದ್ದಿ ಬರವಲ್ದು ಅಂತೀಯಲ್ಲ, ಅದಕ್ಕ ತೋರಿಸೂಣು” ಎಂದರೆ ಬರುತ್ತಾರೆ, ಏಕೆಂದರೆ ಆ ಸಂಕಟ ಅವರಿಗೂ ನಿಜ. ತಮಗೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿಗೆ ಮುಟ್ಟಿದರೆ, ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಟ್ಟು, ಮನೋವೈದ್ಯರೂ ಸೇರಿದಂತೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ ಮೂವತ್ತು ದಿನದವರೆಗೆ ದಾಖಲು ಮಾಡಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಸರಪಳಿ ಹಾಕುವುದನ್ನು ಅದೇ ಕಾನೂನು ನಿಷೇಧಿಸಿದೆ. ಈ ದಾಖಲಾತಿಯ ಅರ್ಜಿಯಲ್ಲಿ ಏನು ಬರೆಯಬೇಕು, ಯಾರು ಸಹಿ ಹಾಕಬೇಕು ಎಂಬುದನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರೇ ತಿಳಿಸುತ್ತಾರೆ. ಪರಿಸ್ಥಿತಿ ಕೈಮೀರುವ ಮುಂಚೆಯೇ ಒಂದು ದಿನ ಹೋಗಿ ಕೇಳಿಕೊಂಡು ಬನ್ನಿ.