ಹಿಮದ ಬೆಟ್ಟದ ಮರದ ಮನೆಗೆ ಹೊರಡುವ ಮುನ್ನ

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಒಂದು ಗಂಟೆಯ ದಾರಿಯೂ ಅಲ್ಲ. 2008ರಲ್ಲಿ ಅದು ಶುರುವಾದ ಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಅಪ್ಪ-ಅಮ್ಮಂದಿರು ಅಮೆರಿಕದ ಮಕ್ಕಳ ಮನೆಗೆ ಹೋಗಿಬರುವುದು ಸುಲಭವಾಗಿದೆ. ಡಿಸೆಂಬರಿನಲ್ಲಿ ಹೋದವರಿಗೆ ಸಾಮಾನ್ಯವಾಗಿ ಇನ್ನೊಂದು ಪ್ರಯಾಣವೂ ಕಾದಿರುತ್ತದೆ. ಕ್ರಿಸ್‌ಮಸ್‌ಗೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಒಟ್ಟಿಗೆ ರಜೆ ಸಿಗುವುದರಿಂದ ಎರಡು ಮೂರು ಕುಟುಂಬಗಳು ಸೇರಿ ಬೆಟ್ಟದಲ್ಲಿ ಒಂಟಿ ಮರದ ಮನೆ, ಅಂದರೆ ಕ್ಯಾಬಿನ್, ಬಾಡಿಗೆಗೆ ಹಿಡಿಯುತ್ತವೆ. ಕ್ಯಾಲಿಫೋರ್ನಿಯಾದವರು ಲೇಕ್ ಟಾಹೋಗೋ ಬಿಗ್ ಬೇರ್‌ಗೋ ಹೋದರೆ, ಅಟ್ಲಾಂಟಾ ಕಡೆಯವರು ಟೆನೆಸಿಯ ಸ್ಮೋಕಿ ಬೆಟ್ಟಗಳಿಗೆ ಹೋಗುತ್ತಾರೆ.

ಹಿರಿಯರಿಗೆ ಮೊದಲೇ ಹೇಳುವುದು ಮಾತ್ರ ಒಂದೇ ಮಾತು: ದಪ್ಪ ಸ್ವೆಟರ್ ತನ್ನಿ. ಅದು ಸಾಲದು. ಬೆಳಗಾದರೆ ಹುಡುಗರು ಸ್ಕೀಯಿಂಗ್‌ಗೆ ಹೊರಟುಬಿಡುತ್ತಾರೆ, ಪುಟ್ಟ ಮಗುವಿನ ಜೊತೆ ಮನೆಯಲ್ಲಿ ಉಳಿಯುವವರು ಅಜ್ಜಿ-ತಾತ. ಹಾಗಾಗಿ ಆ ಮನೆ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಿರಬೇಕು.

ಮೊದಲು ಪೆಟ್ಟಿಗೆಯ ವಿಷಯ. ಡಿಸೆಂಬರ್ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ, ಒಂದು ಚೀಲ ಕಟ್ಟಿಕೊಂಡು ಹೋಗೋಣ ಅನ್ನಿಸುವುದು ಸಹಜ. ಹಸಿ ಕಾಯಿ, ಹಣ್ಣು, ಸೊಪ್ಪು ಬೇಡ. ಕರಿಬೇವನ್ನಂತೂ ಖಂಡಿತ ಒಯ್ಯಬೇಡಿ. ಅದು ನಿಂಬೆ-ಕಿತ್ತಳೆಯ ಕುಟುಂಬದ ಗಿಡ. ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳು ಮಾಡುವ ರೋಗವನ್ನು ಹರಡುವ ಕೀಟ ಅದರ ಎಲೆಗಳಲ್ಲಿ ಇರಬಹುದು. ಖಾಪ್ರಾ ಎಂಬ ಕೀಟದ ಭಯದಿಂದ 2021ರಿಂದ ನಮ್ಮ ದೇಶದ ಅಕ್ಕಿ, ಕಡಲೆಕಾಳುಗಳನ್ನೂ ಪ್ರಯಾಣಿಕರ ಲಗೇಜಿನಲ್ಲಿ ಬಿಡುವುದಿಲ್ಲ. ಸಾರಿನ ಪುಡಿ, ಉಪ್ಪಿನಕಾಯಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ತಿನ್ನುವ ಪದಾರ್ಥ ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ಹೇಳಲೇಬೇಕು. ಮುಚ್ಚಿಟ್ಟರೆ ದಂಡ. ಅವರೆಯ ಆಸೆ ಬಿಡಬೇಕಾಗಿಯೂ ಇಲ್ಲ. ಅಲ್ಲಿನ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಗುಜರಾತಿಗಳ ‘ಸೂರ್ತಿ ಪಾಪ್ಡಿ ಲಿಲ್ವಾ’ ಸಿಗುತ್ತದೆ, ಅದು ನಮ್ಮ ಅವರೆಯೇ. ನೆನೆಸಿ ಸಿಪ್ಪೆ ಹಿಚುಕಿದರೆ ಹಿತಕಿದ ಬೇಳೆ ಸಾರಿಗೆ ತಯಾರು.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಅದನ್ನು ರಾತ್ರಿ ಕಾರಿನಲ್ಲಿ ಬಿಡಬಾರದು, ಕಿಟಕಿಯ ಪಕ್ಕವೂ ಇಡಬಾರದು. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳಿಗೆ ಹಣ ಕೊಡುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಟಾಹೋ ಸರೋವರದ ನೀರಿನ ಮಟ್ಟವೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿಬೆಟ್ಟದ ತುದಿ 1,478 ಮೀಟರ್. ಮೊದಲ ದಿನ ಸ್ವಲ್ಪ ತಲೆನೋವು ಬರಬಹುದು. ನೀರು ಕುಡಿಯುತ್ತಿರಿ, ಓಡಾಟ ಕಡಿಮೆ ಇರಲಿ. ಆ ಎತ್ತರದಲ್ಲಿ ನೀರು ಸುಮಾರು 93–94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಬಾಡಿಗೆ ಮನೆಯಲ್ಲಿ ಕುಕ್ಕರ್ ಇರುವುದು ಅಪರೂಪ, ಮಗಳ ಮನೆಯಿಂದಲೇ ಒಂದನ್ನು ಕಾರಿಗೆ ಹಾಕಿಸಿ. ಮೆಣಸಿನಕಾಯಿ ಒಗ್ಗರಣೆಯ ಹೊಗೆಗೆ ಚಾವಣಿಯ ಅಲಾರಾಂ ಕೂಗಿಕೊಳ್ಳುತ್ತದೆ, ಒಲೆಯ ಮೇಲಿನ ಫ್ಯಾನ್ ಮೊದಲೇ ಹಾಕಿ.

ಬಟ್ಟೆ ಒಂದೇ ದಪ್ಪನೆಯದಕ್ಕಿಂತ ಪದರ ಪದರವಾಗಿರಲಿ. ಮೈಗೆ ಅಂಟುವ ಪದರ ಹತ್ತಿಯದ್ದು ಬೇಡ, ಬೆವರು ಹಿಡಿದಿಟ್ಟು ಚಳಿ ಹುಟ್ಟಿಸುತ್ತದೆ. ಉಣ್ಣೆ, ರೇಷ್ಮೆ ಅಥವಾ ಥರ್ಮಲ್ ಒಳ್ಳೆಯದು. ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ-ನೀರು ತಡೆಯುವ ಜರ್ಕಿನ್. ಸೀರೆ ಉಡುವವರು ಒಳಗೆ ಉಣ್ಣೆಯ ಲೆಗಿಂಗ್ಸ್ ಹಾಕಿಕೊಳ್ಳಬಹುದು, ಆದರೆ ಹಿಮದ ಮೇಲೆ ಚಪ್ಪಲಿ ನಡೆಯುವುದಿಲ್ಲ, ಹಿಡಿತವಿರುವ ಬೂಟೇ ಬೇಕು.

ಇನ್ನು ಮನೆ. ಗೋಡೆಯ ಥರ್ಮೋಸ್ಟಾಟ್ ಫ್ಯಾರನ್‌ಹೀಟ್‌ನಲ್ಲಿರುತ್ತದೆ. 68 ಅಂದರೆ ನಮ್ಮ ಲೆಕ್ಕದ 20 ಡಿಗ್ರಿ. ಹೊರಗೆ ಹೋಗುವಾಗಲೂ ಅದನ್ನು ಪೂರ್ತಿ ಆರಿಸಬೇಡಿ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಪೈಪು ಒಡೆದು ಮನೆಯೆಲ್ಲ ನೀರಾಗುತ್ತದೆ. ಬಹಳ ಚಳಿಯ ರಾತ್ರಿ ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕುತ್ತಿರಲಿ ಎನ್ನುತ್ತಾರೆ ಅಲ್ಲಿಯವರು. ನೀರು ಪೋಲು ಮಾಡಬಾರದೆಂದು ಬೆಳೆದ ನಮ್ಮ ಬಯಲುಸೀಮೆಯವರ ಕೈ ಅದನ್ನು ತಾನಾಗಿ ತಿರುಗಿಸಿಬಿಡುತ್ತದೆ, ನೆನಪಿರಲಿ.

ಎಲ್ಲಕ್ಕಿಂತ ಗಂಭೀರ ವಿಷಯ ಕಾರ್ಬನ್ ಮೊನಾಕ್ಸೈಡ್. ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕರೆಂಟು ಹೋಯಿತೆಂದು ಇದ್ದಿಲಿನ ಒಲೆಯನ್ನೋ ಅಗ್ಗಿಷ್ಟಿಕೆಯನ್ನೋ ಒಳಗೆ ತಂದಿಡುವುದು, ಕೋಣೆ ಬೆಚ್ಚಗಾಗಲೆಂದು ಗ್ಯಾಸ್ ಒಲೆ ಉರಿಸುವುದು ಖಂಡಿತ ಕೂಡದು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಯಲಿನಲ್ಲೇ ಇರಬೇಕು. ಹೋದ ತಕ್ಷಣ ಈ ಅನಿಲವನ್ನು ಪತ್ತೆಹಚ್ಚುವ ಅಲಾರಾಂನ ಗುಂಡಿ ಒತ್ತಿ ಪರೀಕ್ಷಿಸಿ. ಎಲ್ಲರಿಗೂ ಒಟ್ಟಿಗೆ ತಲೆ ಸುತ್ತಿದರೆ, ವಾಂತಿ ಬಂದರೆ, ಕಾರಣ ಹುಡುಕುತ್ತ ಕೂರದೆ ಮಗುವನ್ನೆತ್ತಿಕೊಂಡು ಹೊರಗೆ ಬನ್ನಿ.

ಹಾಗೆಂದು ಬಾಗಿಲಿನ ಬೀಗವನ್ನೂ ತಿಳಿದುಕೊಂಡಿರಬೇಕು. ಸಂಖ್ಯೆ ಒತ್ತುವ ಹಲವು ಬೀಗಗಳು ತಾವಾಗಿಯೇ ಹಾಕಿಕೊಳ್ಳುತ್ತವೆ. ಹಿಮ ನೋಡಲು ಶಾಲು ಹೊದ್ದು ಎರಡು ಹೆಜ್ಜೆ ಹೊರಗಿಟ್ಟವರು ಹೊರಗೇ ಉಳಿಯುವುದು ಹೀಗೆ. ಆ ಸಂಖ್ಯೆ ನಿಮ್ಮ ಬಾಯಲ್ಲಿರಲಿ.

ಡಿಸೆಂಬರ್ 25ರಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಮೊಸರು, ಮಗುವಿನ ಸಾಮಾನು 24ರ ಮಧ್ಯಾಹ್ನದೊಳಗೆ ಬರಬೇಕು. ಬೆಟ್ಟದ ರಸ್ತೆಯಲ್ಲಿ ಹಿಮ ಬಿದ್ದರೆ ಚಕ್ರಕ್ಕೆ ಸರಪಳಿ ಕಟ್ಟದೆ ಮುಂದೆ ಬಿಡದಿರಬಹುದು, ವಾಹನಗಳು ಗಂಟೆಗಟ್ಟಲೆ ನಿಂತುಬಿಡುತ್ತವೆ. ಅದಕ್ಕೇ ಕಂಬಳಿ, ನೀರು, ತಿಂಡಿ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಂತೆ ಸೀಟಿನ ಬಳಿ ಇರಲಿ.

ಮಕ್ಕಳು ಹೊರಡುವ ಮುನ್ನ ಮನೆಯ ಪೂರ್ತಿ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಸಿ ಫ್ರಿಜ್‌ಗೆ ಅಂಟಿಸಿ. ಮೊಬೈಲ್ ಸಿಗ್ನಲ್ ಎಲ್ಲಿ ಬರುತ್ತದೆ, ವೈಫೈ ಮೂಲಕ ಕರೆ ಹೋಗುತ್ತದೆಯೇ ಎಂದು ಅವರಿಂದಲೇ ಮಾಡಿ ತೋರಿಸಿಕೊಳ್ಳಿ. ತುರ್ತಿಗೆ 911. ಅವರು ಮೊದಲು ಕೇಳುವುದು ವಿಳಾಸ. ಇಂಗ್ಲಿಷ್ ಬಾರದಿದ್ದರೆ ಫೋನ್ ಇಡಬೇಡಿ. ವಿಳಾಸ ಓದಿ, ‘ಕನ್ನಡ’ ಎಂದೋ ‘ತೆಲುಗು’ ಎಂದೋ ಭಾಷೆಯ ಹೆಸರು ಹೇಳಿ. ಹಲವು ಕಡೆ ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಡುವ ವ್ಯವಸ್ಥೆಯಿದೆ.