ವಾಹನ ವಿಮೆ ಮತ್ತು ರಸ್ತೆಯ ನಿಯಮ

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯಲ್ಲಿ ವಿಮೆಯ ತತ್ತ್ವವೇ ಅಡಗಿದೆ. ಸಾವಿರಾರು ವಾಹನಗಳ ಮಾಲೀಕರು ಸಲ್ಲಿಸುವ ಸಣ್ಣ ಕಂತುಗಳು ಒಂದೆಡೆ ಕೂಡುತ್ತವೆ. ಅವರಲ್ಲಿ ಯಾರಿಗೋ ಒದಗುವ ದೊಡ್ಡ ನಷ್ಟವನ್ನು ಆ ಹಣವು ತುಂಬಿಕೊಡುತ್ತದೆ. ಆದುದರಿಂದ ಕೆಲವರ ಅಜಾಗರೂಕತೆಯ ಬೆಲೆಯನ್ನು ಎಲ್ಲರೂ ಹಂಚಿಕೊಂಡು ತೆರಬೇಕಾಗುತ್ತದೆ.

ವಾಹನ ವಿಮೆಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ನಮ್ಮ ವಾಹನದಿಂದ ಅನ್ಯರಿಗೆ ಆಗುವ ಹಾನಿಗೆ ಸಂಬಂಧಿಸಿದ್ದು. 1988ರ ಮೋಟಾರು ವಾಹನ ಕಾಯಿದೆಯಂತೆ ಇದು ಕಡ್ಡಾಯ. ಇದರ ಕಂತನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಕಾರು, ಬೈಕುಗಳಿಗೆ ಎಂಜಿನ್ನಿನ ಸಾಮರ್ಥ್ಯವೇ ಅದಕ್ಕೆ ಆಧಾರ. ಎರಡನೆಯದು ನಮ್ಮ ವಾಹನಕ್ಕೇ ಆಗುವ ಹಾನಿಗೆ ಸಂಬಂಧಿಸಿದ್ದು, ಇದು ಐಚ್ಛಿಕ. ಪರಿಹಾರವನ್ನು ಕೇಳದೆ ಒಂದು ವರ್ಷ ಕಳೆದರೆ ಈ ಭಾಗದ ಕಂತಿನಲ್ಲಿ ಶೇಕಡ 20ರಷ್ಟು ರಿಯಾಯಿತಿ ದೊರೆಯುತ್ತದೆ. ಐದು ವರ್ಷ ಹೀಗೆಯೇ ಸಾಗಿದರೆ ಅದು ಶೇಕಡ 50ಕ್ಕೆ ಏರುತ್ತದೆ. ಒಮ್ಮೆ ಪರಿಹಾರ ಪಡೆದರೆ, ಸಾಮಾನ್ಯವಾಗಿ, ಗಳಿಸಿದ ರಿಯಾಯಿತಿ ಕೈತಪ್ಪುತ್ತದೆ.

ಹಾಗಾದರೆ ನಿಯಮ ಮುರಿದವನು ಹೆಚ್ಚಿನ ಕಂತು ತೆರಬೇಡವೇ? ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ವಿಮಾ ಸಂಸ್ಥೆಗಳು ಚಾಲಕನ ತಪ್ಪುಗಳ ದಾಖಲೆಯನ್ನು ನೋಡಿ ಕಂತನ್ನು ಏರಿಸುವುದುಂಟು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಯನ ತಂಡವೊಂದು 2021ರಲ್ಲಿ ಇಂತಹುದೇ ಸಲಹೆಯನ್ನು ಮುಂದಿಟ್ಟಿತು. ಕುಡಿದು ವಾಹನ ನಡೆಸಿದರೆ 100 ಅಂಕ, ತಪ್ಪು ಸ್ಥಳದಲ್ಲಿ ನಿಲ್ಲಿಸಿದರೆ 10 ಅಂಕ. ಅಂಕ ಹೆಚ್ಚಿದಂತೆ ಕಂತೂ ಹೆಚ್ಚಬೇಕೆಂಬುದು ಅದರ ಆಶಯ.

ಕಂತಿಗಿಂತಲೂ ಭಾರವಾದ ಹೊರೆ ಇನ್ನೊಂದಿದೆ. ಚಿಕ್ಕಮಗಳೂರು ಜಿಲ್ಲೆಯ ಚೌಳಹಿರಿಯೂರಿನಲ್ಲಿ ರೈತನೊಬ್ಬನ ಬೈಕನ್ನು ಅವನ ಹದಿನೈದು ವರ್ಷದ ಮಗನು ಕಡೂರಿನತ್ತ ಓಡಿಸಿಕೊಂಡು ಹೊರಟನೆಂದು ಭಾವಿಸೋಣ. ದಾರಿಯಲ್ಲಿ ಪಾದಚಾರಿಯೊಬ್ಬರಿಗೆ ಡಿಕ್ಕಿಯಾಯಿತು. ಬೈಕಿಗೆ ವಿಮೆ ಇದೆ; ಹುಡುಗನಿಗೆ ಚಾಲನಾ ಪರವಾನಗಿ ಇಲ್ಲ. ಇಂತಹ ಸಂದರ್ಭದಲ್ಲಿ ವಿಮಾ ಸಂಸ್ಥೆಯು ಗಾಯಾಳುವಿಗೆ ಪರಿಹಾರವನ್ನು ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿಯು ಆದೇಶಿಸಬಹುದು. ತಪ್ಪದೆ ಕಂತು ಕಟ್ಟಿದ್ದರೂ ಆ ರೈತನ ಹಲವು ವರ್ಷಗಳ ಫಸಲಿನ ಹಣ ಅದಕ್ಕೇ ಸಂದುಹೋದೀತು. ಅಷ್ಟೇ ಅಲ್ಲ, 2019ರ ತಿದ್ದುಪಡಿಯಂತೆ ತಂದೆಗೆ 25,000 ರೂಪಾಯಿ ದಂಡದೊಡನೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ಮಗನಿಗೆ ಇಪ್ಪತ್ತೈದು ವರ್ಷ ತುಂಬುವ ತನಕ ಪರವಾನಗಿ ದೊರೆಯದು.

ವಿಮೆಯು ಅನಿರೀಕ್ಷಿತ ಆಪತ್ತಿಗೆ ಆಸರೆಯೇ ಹೊರತು ತಿಳಿದೂ ಮಾಡುವ ತಪ್ಪಿಗೆ ರಕ್ಷೆಯಲ್ಲ. ಕೆಲವೇ ವರ್ಷಗಳಲ್ಲಿ ನೀವೂ ಪರವಾನಗಿ ಪಡೆದು ವಾಹನ ನಡೆಸುವಿರಿ. ಅಲ್ಲಿಯವರೆಗೆ ಮನೆಯ ಬೈಕಿನ ಬೀಗದ ಕೈಯನ್ನು ಮುಟ್ಟದಿರುವುದೇ ನೀವು ಮನೆಯವರಿಗೆ ಮಾಡಬಹುದಾದ ದೊಡ್ಡ ಉಪಕಾರ.